ಎರಡನೆಯ ಸೀನು

ನಮ್ಮೂರಿನ ಪ್ರೈಮರಿ ಶಾಲೆಯನ್ನು ಉಳಿಸಿದ್ದು ಯಾರು ಎಂದು ಕೇಳಿದರೆ ನಾನು ಎರಡು ಮಾತಿಲ್ಲದೆ ಹೇಳುತ್ತೇನೆ: ನಮ್ಮ ಸೋದರತ್ತೆಯ ಮೂಗು! ನಗಬೇಡಿ. ತಾವೇ ಉಳಿಸಿದ್ದೆಂದು ಸರ್ಕಾರದವರು ಹೇಳಿಕೊಳ್ಳಲಿ, ಊರ ಯಜಮಾನರು ಮೀಸೆ ತಿರುವಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಆ ಮೂಗೊಂದು ಇಲ್ಲದಿದ್ದರೆ ನಾನು ನಾಲ್ಕಕ್ಷರ ಕಲಿತು ಹೀಗೆ ನಿಮ್ಮ ತಲೆ ತಿನ್ನುವ ಯೋಗವೇ ಬರುತ್ತಿರಲಿಲ್ಲ. ಹಾಗಂತ ಅದು ನೋಡುವಂಥ ಮೂಗೇನೂ ಅಲ್ಲ. ಮೊಂಡು ಮೂಗು, ತುದಿಯಲ್ಲಿ ಸ್ವಲ್ಪ ಅಗಲ, ಮೇಲೆ ಒಂದು ಗುಂಡು ಮಚ್ಚೆ.

ಐವತ್ತರ ದಶಕದ ಮಾತು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಭೀಮನಬೀಡಿನಿಂದ ಒಂದಿಷ್ಟು ಆಚೆಗೆ ನಮ್ಮೂರು. ಮಾಗಿ ಬಂತೆಂದರೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದು ಬೀದಿಯಲ್ಲೇ ಠಿಕಾಣಿ ಹೂಡುತ್ತಿತ್ತು. ಎದುರುಮನೆಯ ಎಮ್ಮೆ ಕಾಣುತ್ತಿರಲಿಲ್ಲ, ಅದರ ಕೆಮ್ಮು ಮಾತ್ರ ಕೇಳುತ್ತಿತ್ತು. ಊರಿಗೆ ಊರೇ ನೆಗಡಿ. ನೆಗಡಿ ಎಂದ ಮೇಲೆ ಸೀನು. ಸೀನು ಎಂದ ಮೇಲೆ ಶಕುನ! ಹೊರಡುವ ಹೊತ್ತಿಗೆ ಜೋಡಿ ಸೀನು ಬಿದ್ದರೆ ಶುಭ, ಒಂಟಿ ಸೀನು ಬಿದ್ದರೆ ಕೆಲಸ ಕೆಟ್ಟಿತು. ದೊಡ್ಡವರು ಒಂಟಿ ಸೀನು ಬಿದ್ದರೆ ಒಂದು ಗುಟುಕು ನೀರು ಕುಡಿದು, ಅರೆಗಳಿಗೆ ಕೂತು, ಹೊಲಕ್ಕೆ ಹೊರಟುಬಿಡುತ್ತಿದ್ದರು. ರಾಗಿ ಕೊಯ್ಲು ಶಕುನ ನೋಡಿಕೊಂಡು ಕಾಯುತ್ತದೆಯೇ? ಆದರೆ ಮಕ್ಕಳು ಶಾಲೆಗೆ ಹೊರಟಾಗ ಬಿದ್ದ ಸೀನಿಗೆ ಮಾತ್ರ ಇಡೀ ದಿನದ ಆಯಸ್ಸು! "ಇವತ್ತು ಬ್ಯಾಡ ಬುಡ್ಲಾ ಮಗ, ದನ ಒಡ್ಕೊಂಡ್ ಓಗು" ಎಂದರೆ ಮುಗಿಯಿತು. ಮಕ್ಕಳೇನು ಬೇಡವೆನ್ನುತ್ತಾರೆಯೇ? ಎಷ್ಟೋ ಹುಡುಗರು ಹೊಸಿಲ ಮೇಲೆ ನಿಂತು ಅಜ್ಜನ ಮೂಗನ್ನೇ ಆಸೆಯಿಂದ ನೋಡುತ್ತಿದ್ದರು.

ಹೀಗಾಗಿ ಒಂದು ಮಾಗಿಯಲ್ಲಿ ಚಾಮರಾಜನಗರದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಶಾಲೆಯಲ್ಲಿ ಮೇಷ್ಟ್ರು, ನಾನು, ಮತ್ತೆ ಚಳಿಗೆ ಒಳಗೆ ನುಗ್ಗಿದ್ದ ಒಂದು ಮೇಕೆ ಇದ್ದೆವು. ಸಾಹೇಬರು ಮೇಕೆಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. "ಬರುವ ಮಾಗಿಯಲ್ಲೂ ಹೀಗೇ ಖಾಲಿ ಇದ್ದರೆ ಈ ಶಾಲೆಯನ್ನು ಆಚೆ ಊರಿಗೆ ಹಾಕಿಬಿಡುತ್ತೇವೆ" ಎಂದು ಹೇಳಿ ಹೋದರು. ಆಚೆ ಊರಿಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಗಂಡುಹುಡುಗರು ದಾಟಿಯಾರು. ನನ್ನ ವಿಷಯದಲ್ಲಿ ಅಜ್ಜಿ ಅವತ್ತೇ ತೀರ್ಪು ಕೊಟ್ಟಳು: "ಎಣ್ಣೈಕ್ಳು ಅಳ್ಳ ದಾಟ್ಕಂಡ್ ಓದಿ ಯಾವ್ ಕಚೇರಿ ಆಳ್ಬೇಕು?" ನಾನು ಹಿತ್ತಿಲಿಗೆ ಹೋಗಿ ಸ್ಲೇಟು ತಬ್ಬಿಕೊಂಡು ಅತ್ತುಬಿಟ್ಟೆ.

ಅದನ್ನು ನೋಡಿದ್ದು ನಮ್ಮ ಅತ್ತೆ. ಅಪ್ಪನ ಅಕ್ಕ. ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಮನೆಯ ಅಡುಗೆಯನ್ನೂ ಊರಿನ ಉಸಾಬರಿಯನ್ನೂ ಒಟ್ಟಿಗೆ ವಹಿಸಿಕೊಂಡಿದ್ದವಳು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಅಪ್ಪನ ಬಳಿಗೆ ಹೋಗಿ, "ಅರಿಸಿನ ಮಂಡಿಗೆ ಆಕಕ್ಕೆ ಚಾಮ್ರಾಜ್‌ನಗರಕ್ಕೆ ಓಗ್ತೀಯಲ್ಲ, ಬತ್ತಾ ಒಂದ್ ಡಬ್ಬಿ ನಶ್ಯ ತಕ್ಕಂಬಾ. ಗಾಟು ಇರ್ಬೇಕು" ಎಂದಳು. ಅಪ್ಪ ಗಾಬರಿಯಾದ. ಮನೆಯಲ್ಲಿ ನಶ್ಯ ಏರಿಸುವವರು ಯಾರೂ ಇರಲಿಲ್ಲ.

ಮಾರನೆಯ ಮಾಗಿಯಲ್ಲಿ ಅತ್ತೆಯ ಸೇವೆ ಶುರುವಾಯಿತು. ಶಾಲೆಯ ಹೊತ್ತಿಗೆ ಸರಿಯಾಗಿ ಕಂಬಳಿ ಹೊದ್ದು ಬೀದಿಯ ನಡುವೆ ಬಂದು ನಿಲ್ಲುವುದು. ಯಾವ ಮನೆಯಿಂದಲಾದರೂ "ಆಕ್ಷೀ!" ಎಂದು ಒಂಟಿ ಸೀನು ಬಿತ್ತೋ, ಚಿಟಿಕೆ ನಶ್ಯ ಮೂಗಿಗೇರಿಸಿ, ಆ ಮನೆಯ ಬಾಗಿಲಿಗೆ ಮುಖ ಮಾಡಿ "ಆ... ಆ... ಆಕ್ಷೀ!" ಎಂದು ಎರಡನೆಯದನ್ನು ಸಲ್ಲಿಸಿಬಿಡುವುದು! "ಜೋಡಿ ಆಯ್ತು! ಕಳ್ಸವ್ವ ಮಗೀನ!"

ನಿಮಗೆ ಒಂದು ಗುಟ್ಟು ಗೊತ್ತಿರಲಿ. ದಿನಾ ನಶ್ಯ ಏರಿಸುವವರಿಗೆ ಸೀನು ಬರುವುದಿಲ್ಲ, ಮೂಗು ಮರಗಟ್ಟಿರುತ್ತದೆ. ಅದಕ್ಕೇ ಅತ್ತೆ ತನಗಾಗಿ ಒಂದು ಚಿಟಿಕೆಯನ್ನೂ ಮುಟ್ಟುತ್ತಿರಲಿಲ್ಲ. ಡಬ್ಬಿಯಲ್ಲಿದ್ದುದೆಲ್ಲ ಊರ ಮಕ್ಕಳ ಪಾಲು.

ಮೊದಮೊದಲು ಜಗಳವೇ ಆಯಿತು. ಎದುರುಮನೆಯ ಕೆಂಪಮ್ಮ ಸೊಂಟಕ್ಕೆ ಕೈಕೊಟ್ಟು ಬಂದಳು. "ಸೀನಿದ್ದು ನನ್ ಗಂಡ. ಅವನಿಗೆ ಜೋಡಿಯಾಗಕ್ಕೆ ನೀನ್ಯಾರು?"

"ಸೀನಿಗೆ ಜೋಡಿ ಕಣಮ್ಮಿ, ನಿನ್ ಗಂಡಂಗಲ್ಲ!" ಎಂದಳು ಅತ್ತೆ. "ಅವನ್ನ ನೀನೇ ಮಡೀಕೊ, ಐದನ್ನ, ನಿನ್ ಮಗನ್ನ, ಮಾತ್ರ ಇಸ್ಕೂಲಿಗೆ ಕಳ್ಸು!"

ಬೀದಿಯೆಲ್ಲ ನಕ್ಕಿತು. ಕೆಂಪಮ್ಮನ ಗಂಡನೂ ನಕ್ಕ. ನಕ್ಕ ರಭಸಕ್ಕೆ ಇನ್ನೊಂದು ಸೀನಿದ. ಅದಕ್ಕೂ ಅತ್ತೆ ಜೋಡಿ ಮಾಡಿಯೇ ಬಿಟ್ಟಳು.

ಅತ್ತೆಯನ್ನು ಒಪ್ಪದಿದ್ದವರೆಂದರೆ ನಮ್ಮ ಮೇಷ್ಟ್ರು. ಚಾಮರಾಜನಗರದವರು, ಎಳೆಯ ವಯಸ್ಸು, ದೀಪಾವಳಿಗೆ ಸುತ್ತಿದ ಮಫ್ಲರನ್ನು ಶಿವರಾತ್ರಿಗೆ ಬಿಚ್ಚುವವರು. ಶಾಲೆ ಹೇಗಾದರೂ ಉಳಿಯಲಿ ಎಂದು ಅವರೂ ಒದ್ದಾಡುತ್ತಿದ್ದರು. ಒಂದು ದಿನ ತಂದೆತಾಯಿಯರನ್ನೆಲ್ಲ ಚಾವಡಿಯಲ್ಲಿ ಕೂಡಿಸಿ, ಮಾಗಿಯಲ್ಲಿ ಮಕ್ಕಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಗಂಭೀರವಾಗಿ ಹೇಳತೊಡಗಿದರು. ಮಕ್ಕಳು ಬಿಸಿನೀರಿನಲ್ಲಿ ಮುಖ ತೊಳೆದು ಬರಬೇಕು.

"ಸೌದೆ ನೀವ್ ಒಡ್ಕೊಡ್ತೀರಾ ಮೇಷ್ಟ್ರೇ?"

ಮೂಗನ್ನು ಅಂಗಿಯ ತೋಳಿಗೆ ಒರೆಸಬಾರದು.

"ನಮ್ ಐದನ ಅಂಗಿಗೆ ತೋಳೇ ಇಲ್ವಲ್ಲ ಸ್ವಾಮಿ, ಎಲ್ಲೊರಸ್ತಾನೆ?"

ಮೇಷ್ಟ್ರು ಸೋಲಲಿಲ್ಲ. ರಾಗಿಹುಲ್ಲಿನ ಬೆಂಕಿಯ ಮುಂದೆ ಕಂಬಳಿ ಹೊದ್ದು ಕೂರಬೇಡಿ, ಕಿಡಿ ಹಾರುತ್ತದೆ ಎಂದರು. ಮಂಜಿನಲ್ಲಿ ಗಾಡಿ ಬರುವುದು ಕಾಣುವುದಿಲ್ಲ, ಮಕ್ಕಳು ಕೈಕೈ ಹಿಡಿದು ದಾರಿಯ ಅಂಚಿನಲ್ಲೇ ನಡೆಯಲಿ ಎಂದರು. ಜ್ವರ ಬಂದ ಮಗುವನ್ನು ಮನೆಯಲ್ಲೇ ಮಲಗಿಸಿ, ಜ್ವರವಿಲ್ಲದ ಮಗುವನ್ನು ದಯವಿಟ್ಟು ಕಳಿಸಿ ಎಂದು ಕೈಮುಗಿದರು. ಕಡೆಗೆ, ಕೆಮ್ಮುವಾಗ ಸೀನುವಾಗ ಮಕ್ಕಳಿರಲಿ ದೊಡ್ಡವರಿರಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲೇಬೇಕು ಎಂದು ಅತ್ತೆಯತ್ತ ತಿರುಗಿದರು. "ಅಮ್ಮಾ, ನಿಮ್ಮ ಸೀನಿನಿಂದಲೇ ಊರಿಗೆಲ್ಲ ನೆಗಡಿ ಹರಡುತ್ತಿದೆ!"

"ನನ್ ಸೀನಿಲ್ದಿದ್ರೆ ನೆಗಡಿ ಅಂಟ್ಸ್ಕೊಳಕ್ಕೂ ನಿಮ್ ಇಸ್ಕೂಲಲ್ಲಿ ಮಕ್ಳಿರ್ತಿರ್ನಿಲ್ಲ ಮೇಷ್ಟ್ರೇ!"

ಮೇಷ್ಟ್ರು ಮಫ್ಲರ್ ಸರಿಮಾಡಿಕೊಂಡು ಶಾಲೆಯ ಕಡೆ ನಡೆದರು. ಮಾತು ಸತ್ಯವಾಗಿತ್ತಲ್ಲ!

ಹೀಗಿರುವಾಗ ಚಾಮರಾಜನಗರಕ್ಕೆ ಹೋಗಿದ್ದ ಅಪ್ಪ ಸುದ್ದಿ ತಂದ: ಇನ್ಸ್‌ಪೆಕ್ಟರ್ ಸಾಹೇಬರು ನಾಳೆ ಬರುತ್ತಾರೆ. ಮೇಷ್ಟ್ರು ಮನೆಮನೆಗೆ ಹೋಗಿ ಕೈಮುಗಿದು ಬಂದರು. ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ, "ನಾನಿವ್ನಿ, ಎದ್ರಬ್ಯಾಡಿ" ಎಂದು ಅಭಯ ಕೊಟ್ಟಳು.

ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಒಲೆಯ ಮುಂದೆ ತಲೆಗೆ ಕೈಹೊತ್ತು ಕೂತಿದ್ದಾಳೆ. ಊರಿನ ಸೀನಿಗೆಲ್ಲ ಎದೆಯೊಡ್ಡಿದ ಮೂಗಿಗೆ ಊರಿನ ನೆಗಡಿಯೆಲ್ಲ ಸೇರಿಬಿಟ್ಟಿತ್ತು! "ಬೂಗು ಕಟ್ಬುಡ್ತು ಕಣಬ್ಬಿ" ಎಂದಳು. 'ಮೂಗು' ಎನ್ನಲೂ ಮೂಗು ಬೇಕಲ್ಲ! ಅರಿಶಿನದ ಕೊಂಬು ಸುಟ್ಟು ಹೊಗೆ ಹಿಡಿದೆವು. ಮೆಣಸು ಜಗಿದಳು. ಚಿಟಿಕೆ ನಶ್ಯ ಏರಿಸಿದಳು. ಎಲ್ಲಿ, ಒಳಕ್ಕೆ ಹೋಗಲು ದಾರಿಯಿದ್ದರೆ ತಾನೆ?

ಹೊರಗೆ ಬೀದಿಯಲ್ಲಿ ಆಗಲೇ ಶುರುವಾಗಿತ್ತು. ಅಲ್ಲೊಂದು ಆಕ್ಷೀ, ಇಲ್ಲೊಂದು ಆಕ್ಷೀ, ಎಲ್ಲ ಒಂಟೊಂಟಿ. ಪ್ರತಿ ಸೀನಿಗೂ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಿಂದೆ ಜಗಳಕ್ಕೆ ಬಂದಿದ್ದ ಕೆಂಪಮ್ಮನೇ ಅವತ್ತು ಅತ್ತೆಯನ್ನು ಕಾಯುತ್ತಿದ್ದಳು. ಮಗನ ರಟ್ಟೆ ಹಿಡಿದುಕೊಂಡು, "ಬಿರ್ರನೆ ಒಂದ್ ಸೀನು ಬಾರವ್ವಾ!" ಎಂದು ಕೂಗಿದಳು. ಅತ್ತೆ ಬಾಗಿಲಿಗೆ ಬಂದು ಆಕಾಶಕ್ಕೆ ಮುಖವೆತ್ತಿ ಬಾಯಿ ತೆರೆದಳು. ಏನೂ ಬರಲಿಲ್ಲ. ಕೆಂಪಮ್ಮ ಮಗನನ್ನು ಒಳಗೆ ಎಳೆದುಕೊಂಡಳು.

ನಾನು ಸ್ಲೇಟು ಹಿಡಿದು ಹೊಸಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ, ಚಳಿಗೆ ಸೆರಗನ್ನು ಬಾಯಿಗೆ ಸುತ್ತಿಕೊಂಡು ಕೂತಿದ್ದ ನಮ್ಮಜ್ಜಿಯೇ ಸೀನಬೇಕೇ! ಒಂದೇ ಒಂದು! "ಇವತ್ತು ಬ್ಯಾಡ, ಒಳಿಕ್ ಬಾಮ್ಮಿ" ಎಂದಳು ಅಜ್ಜಿ.

ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಸೆರಗು ನೋಡಿದಳು. ಅವಳ ಕಣ್ಣು ಅರಳಿತು. "ಅದು ಸೀದಲ್ಲ!" ಎಂದು ಕಿರುಚಿದಳು. (ಅಂದರೆ, ಸೀನಲ್ಲ!)

ಇನ್ನು ಮುಂದೆ ಅವಳ ಮಾತನ್ನು ನಾನೇ ಮೂಗು ಹಚ್ಚಿ ಹೇಳುತ್ತೇನೆ, ನಿಮಗೆ ಕಷ್ಟ ಬೇಡ. "ಬಾಯ್ಗೆ ಸೆರಗಿತ್ತಲ್ಲವ್ವಾ! ಬಟ್ಟೇಲೇ ಇಂಗೋದ್ದು ಒರಿಕ್ ಬಂತಾ? ಒರಿಕ್ ಬರ್ದಿದ್ದು ಸಕುನಕ್ಕೆ ಕೇಳ್ಸದಾ?"

ಅಜ್ಜಿ ಯೋಚಿಸಿದಳು. "ಕೇಳ್ಸಕಿಲ್ಲ ಅಂತೀಯಾ?"

"ಮೇಷ್ಟ್ರು ಚಾವ್ಡೀಲಿ ಅಷ್ಟೊತ್ತು ಬಡ್ಕೊಂಡಿದ್ ಇನ್ಯಾಕೆ? ಚಾಮ್ರಾಜ್‌ನಗರದ ಕಾನೂನು ಕಣವ್ವಾ!"

ಪಾಪ, ಮೇಷ್ಟ್ರು ಹೇಳಿದ್ದೇನು, ಇವಳು ಹಿಡಿದದ್ದೇನು! ಆದರೆ ಕಾನೂನು ಎಂದ ಮೇಲೆ ಅಜ್ಜಿ ಎದುರಾಡುವವಳಲ್ಲ. ಅತ್ತೆ ಬೀದಿಗೆ ಧುಮುಕಿದಳು. "ಬಟ್ಟೆ ಅಡ್ಡ ಇಡ್ಕಂಡ್ ಸೀನಿ! ಬಟ್ಟೆ ಒಳಗಿನ ಸೀನು ಲೆಕ್ಕಕ್ಕಿಲ್ಲ!" ಎಂದು ಕೂಗುತ್ತ ಈ ತುದಿಯಿಂದ ಆ ತುದಿಗೆ ಓಡಿದಳು. ಟವೆಲು, ಪಂಚೆ, ಕಂಬಳಿಯ ಅಂಚು, ಸೆರಗು, ಕೈಗೆ ಸಿಕ್ಕಿದ್ದೆಲ್ಲ ಮೂಗಿಗೆ ಬಂತು. ಮುಚ್ಚಿದ ಬಾಗಿಲುಗಳು ತೆರೆದವು. ಮಂಜಿನಲ್ಲಿ ಮಕ್ಕಳು ಕೈಕೈ ಹಿಡಿದು ದಾರಿಯ ಅಂಚಿನಲ್ಲಿ ಸಾಲಾಗಿ ಹೊರಟರು. ಶಾಲೆ ತುಂಬಿ, ಕೂರಲು ಜಾಗ ಸಾಲದೆ, ಕೆಂಪಮ್ಮನ ಮಗ ಮೇಕೆ ನಿಲ್ಲುತ್ತಿದ್ದ ಮೂಲೆಯಲ್ಲಿ ಕೂತ.

ಸಾಹೇಬರು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಎಲ್ಲರ ಕೈಯಲ್ಲೂ ಒಂದೊಂದು ಬಟ್ಟೆ. ಒಬ್ಬ ಹುಡುಗ ಸೀನಿದ, ಬಟ್ಟೆಯೊಳಗೆ. ಒಬ್ಬಳು ಕೆಮ್ಮಿದಳು, ಬಟ್ಟೆಯೊಳಗೆ. "ಏನ್ರೀ ಮೇಷ್ಟ್ರೇ, ಪೇಟೆಯ ಮಕ್ಕಳಿಗೂ ಈ ಶಿಸ್ತು ಬಂದಿಲ್ಲವಲ್ಲ!" ಎಂದರು. ಮೇಷ್ಟ್ರ ಕಣ್ಣು ತುಂಬಿ ಬಂತು. ಕಿಟಕಿಯಲ್ಲಿ ಇಣುಕುತ್ತಿದ್ದ ಊರಿನವರ ಎದೆ ಉಬ್ಬಿತು. ಸಾಹೇಬರು ಕುರ್ಚಿಯಲ್ಲಿ ಕೂತು, ಶಾಲೆ ಇಲ್ಲೇ ಮುಂದುವರಿಯತಕ್ಕದ್ದು ಎಂದು ಬರೆಯಲು ಪೆನ್ನು ತೆಗೆದು, ಪುಸ್ತಕದ ಮೇಲೆ ಕೈಯಿಟ್ಟು—

"ಆಕ್ಷೀ!"

ಬಟ್ಟೆ ಇಲ್ಲ, ಏನಿಲ್ಲ! ಖುಲ್ಲಾ ಸೀನು! ಒಂಟಿ!

ಸಾಹೇಬರು ದೊಡ್ಡ ಓದು ಓದಿದವರು, ಶಕುನಗಿಕುನ ನಂಬುವವರಲ್ಲ ಎಂದುಕೊಂಡಿರಾ? ಅವರು ಮೆಲ್ಲನೆ ಪೆನ್ನಿನ ಮುಚ್ಚಳ ಹಾಕಿದರು! "ಈಗ ಬೇಡ... ಆಫೀಸಿಗೆ ಹೋಗಿ ನಿಧಾನವಾಗಿ ಯೋಚಿಸಿ ಬರೆದರಾಯಿತು" ಎಂದು ಎದ್ದರು. ಚಾಮರಾಜನಗರದ ಆಫೀಸಿನಲ್ಲಿ ನಿಧಾನಕ್ಕೆ ಹೋದದ್ದು ಎಂದಾದರೂ ತಿರುಗಿ ಬಂದಿದೆಯೇ?

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಲ್ಲಿ ಅತ್ತೆ ನಿಂತಿದ್ದಳು. "ಅಮ್ಮಾ!" ಎಂದರು ಮೇಷ್ಟ್ರು. ಅವರ ದನಿಯನ್ನು ನಾನು ಮರೆತಿಲ್ಲ.

ಅತ್ತೆ ಡಬ್ಬಿ ತೆರೆದಳು. ಚಿಟಿಕೆ ಗಿಟಿಕೆ ನೋಡಲಿಲ್ಲ, ಇದ್ದದ್ದನ್ನೆಲ್ಲ ಅಂಗೈಗೆ ಸುರಿದುಕೊಂಡು ಮೂಗಿಗೆ ಒತ್ತಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕುತ್ತಿಗೆ ಹಿಂದಕ್ಕೆ ವಾಲಿತು. "ಆ... ಆ..." ಊರೆಲ್ಲ ಅವಳ ಜೊತೆ ಬಾಯಿ ತೆರೆಯಿತು. ಬೆಳಗ್ಗೆಯಿಂದ ಊರಿಗೆಲ್ಲ ಸಾರಿದ ಅಭ್ಯಾಸ ನೋಡಿ, ಅವಳ ಕೈ ತಾನಾಗಿಯೇ ಸೆರಗನ್ನು ಬಾಯಿಗೆ ಒಯ್ಯಿತು. ಆಗ ಮೇಷ್ಟ್ರು, ನಮ್ಮ ಆರೋಗ್ಯದ ಮೇಷ್ಟ್ರು, ಬೆಂಚು ಹಾರಿ ಕೂಗಿದರು: "ಬಟ್ಟೆ ತೆಗೀರಮ್ಮಾ! ಬಟ್ಟೆ ತೆಗೀರಿ!"

"ಆಕ್ಷೀ!"

ಬೋರ್ಡಿನ ಕೆಳಗಿದ್ದ ಸೀಮೆಸುಣ್ಣ ಉರುಳಿ ಬಿತ್ತು. ಸೂರಿನಲ್ಲಿದ್ದ ಗುಬ್ಬಿಗಳೆಲ್ಲ ಹಾರಿಹೋದವು. ಸಾಹೇಬರು ಅತ್ತೆಯನ್ನು ನೋಡಿದರು, ನಿಧಾನವಾಗಿ ನಕ್ಕರು, ಕೂತರು, ಮುಚ್ಚಳ ತೆಗೆದು ಬರೆದೇ ಬಿಟ್ಟರು! ಊರು ಹೋ ಎಂದಿತು. ಕೆಂಪಮ್ಮ ಅತ್ತೆಯನ್ನು ತಬ್ಬಿಕೊಂಡು, ತನ್ನ ಸೆರಗಿನಿಂದಲೇ ಅವಳ ಮೂಗು ಒರೆಸಿದಳು.

ಮರುದಿನ ಬೆಳಗ್ಗೆ ನಾನು ಶಾಲೆಗೆ ಹೊರಟಾಗ ಅತ್ತೆ ಹೊಸಿಲ ಒಳಗೆ ಕೂತು ಖಾಲಿ ಡಬ್ಬಿಯನ್ನು ತಿರುಗಿಸಿ ನೋಡುತ್ತಿದ್ದಳು. "ಅತ್ತೆ, ನಿಂಗ್ಯಾಕೆ ಇಷ್ಟೊಂದ್ ಉಸಾಬ್ರಿ? ನೀನೇನ್ ಇಸ್ಕೂಲಿಗೆ ಓಗಿದ್ದಾ?" ಎಂದು ಕೇಳಿದೆ.

"ಓಗಕ್ಕೆ ಒರ್ಟಿದ್ದೆ" ಎಂದಳು. "ನಿನ್ನಷ್ಟುದ್ದ ಇದ್ದೆ. ಮಠದಲ್ಲಿ ಅಯ್ನೋರು ಅಕ್ಷರ ಏಳ್ಕೊಡ್ತಿದ್ರು. ಅಪ್ಪ ಒಪ್ಪಿದ್ದ. ತಲೆ ಬಾಚ್ಕಂಡು, ಇಬೂತಿ ಇಟ್ಕಂಡು, ಇದೇ ಒಸ್ಲಲ್ಲಿ ಕಾಲಿಟ್ಟೆ. ಇಂದ್ಗಡೆ ಸೀನು ಬಿತ್ತು. ಅವ್ವ ಒಳಿಕ್ ಕರ್ಕೊಂಡ್ಳು. ಆಮ್ಯಾಕೆ ಯಾರೂ ಮಾತೆತ್ನಿಲ್ಲ."

"ಯಾರ್ ಸೀನಿದ್ದು?"

"ನಿಮ್ಮಪ್ಪ. ತೊಟ್ಲಲ್ಲಿದ್ದ, ಕೂಸು. ಅದ್ಕೇನ್ ಗೊತ್ತು?" ಅತ್ತೆ ನಕ್ಕಳು. "ಇನ್ನೊಂದ್ ಸೀನಕ್ಕೆ ಯಾರೂ ಇರ್ನಿಲ್ಲ ಕಣಮ್ಮಿ."

ನನಗೆ ಅಳು ಬಂತು. ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡು, ಮೂಲೆಯಲ್ಲಿ ಅಂಟಿದ್ದ ಪುಡಿಯನ್ನು ಬೆರಳಲ್ಲಿ ಕೆರೆದು ಮೂಗಿಗೆ ಏರಿಸಿಕೊಂಡೆ. ತಲೆಯೊಳಗೆಲ್ಲ ಬೆಂಕಿ ಹೊತ್ತಿದಂತಾಯಿತು. ಬಾಯಿಗೆ ಬಟ್ಟೆ ಹಿಡಿಯದೆ, ಮನೆಯೆಲ್ಲ ಕೇಳುವಂತೆ ಸೀನಿದೆ.

"ಅಪ್ಪಂದೊಂದು, ನಂದೊಂದು. ಜೋಡಿ ಆಯ್ತು ಅತ್ತೆ. ಏಳು, ಇಸ್ಕೂಲಿಗೆ ಓಗನ."

ಅತ್ತೆ ನನ್ನನ್ನೇ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಳಾದ್ ನಶ್ಯ, ಬೋ ಗಾಟು" ಎಂದಳು. ಅವತ್ತು ಅವಳು ನಶ್ಯ ಮುಟ್ಟಿರಲಿಲ್ಲ. ಆಮೇಲೆ ಎದ್ದು, ತಲೆ ಸವರಿಕೊಂಡು, ನನ್ನ ಕೈ ಹಿಡಿದು, ಬಲಗಾಲು ಮುಂದಿಟ್ಟು ಹೊಸಿಲು ದಾಟಿದಳು.