ಎಮ್ಮೆ ಮೇಯ್ದ ಆರೋಗ್ಯ ನಿಲಯ

ಬಿ.ಎಸ್ಸಿ., ಬಿ.ಎಡ್. ಮುಗಿಸಿದವನಿಗೆ ಒಂದು ಹೈಸ್ಕೂಲಿನ ಮಕ್ಕಳ ಆರೋಗ್ಯ ಕಾಪಾಡುವುದು ಏನು ಮಹಾ! ಹಾಗೆಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ಆಗ ನಮಗೆ ಜಿಲ್ಲೆ ಎಂದರೆ ರಾಯಚೂರು. ನನ್ನ ನೌಕರಿ ಯಲಬುರ್ಗಾ ತಾಲೂಕಿನಲ್ಲಿ, ಬೇವೂರಿನಿಂದ ಆಚೆಗಿನ ಒಂದು ಊರಿನ ಹೈಸ್ಕೂಲಿನಲ್ಲಿ. ನಾನು ವಿಜ್ಞಾನದ ಮಾಸ್ತರ.

ಆಗಸ್ಟ್ ಹದಿನೈದರ ಕವಾಯತು ಕಲಿಸುತ್ತಿದ್ದಾಗ ಹತ್ತನೇ ತರಗತಿಯ ಶರಣವ್ವ ಧೊಪ್ಪನೆ ಬಿದ್ದಳು. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ, ಪಾಸಾಗಿ ಮಾಸ್ತರಿಕೆ ಟ್ರೇನಿಂಗಿಗೆ ಹೋಗಬೇಕೆಂದು ಹಟ ಹಿಡಿದವಳು. ನಾಲಗೆ ನೋಡಿದೆ. ಒಣಗಿ ಹೋಗಿತ್ತು.

"ಮುಂಜಾನಿಂದ ನೀರು ಕುಡಿದೀಯೇನು?"

"ಇಲ್ರೀ ಸರ."

"ಯಾಕ?"

ಅವಳು ನೆಲ ನೋಡಿದಳು. ಉಳಿದ ಹುಡುಗಿಯರೂ ನೆಲ ನೋಡಿದರು. ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ!

ಅಜ್ಞಾನ, ಬೇರೇನಲ್ಲ, ಎಂದು ತೀರ್ಮಾನಿಸಿದೆ. ಮರುದಿನದಿಂದ ಜಲಪಾನ ಕಡ್ಡಾಯ. ಪ್ರಾರ್ಥನೆ ಮುಗಿದ ಕೂಡಲೇ ಪ್ರತಿಯೊಬ್ಬರೂ ನನ್ನ ಕಣ್ಣೆದುರು ತುಂಬಿದ ತಂಬಿಗೆ ಖಾಲಿ ಮಾಡಬೇಕು. ಹುಡುಗರು ಖುಷಿಯಿಂದ ಕುಡಿದರು. ಪಾಠದ ನಡುವೆ ಎದ್ದು ಗೋಡೆಯ ಹಿಂದೆ ಹೋಗಲು ಅವರಿಗೆ ಅಧಿಕೃತ ಕಾರಣ ಸಿಕ್ಕಿತ್ತು. ಹುಡುಗಿಯರು ಕಷಾಯ ಕುಡಿದಂತೆ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಜನ ಹೊಟ್ಟೆನೋವೆಂದು ಮನೆಗೆ ಓಡಿದರು. ನೀರು ಕೆಟ್ಟಿರಬೇಕೆಂದು ಮರುದಿನ ಕಾಯಿಸಿ, ಆರಿಸಿ, ಸೋಸಿ ಕುಡಿಸಿದೆ!

ಮನೆಯಲ್ಲಿ ಈ ವಿಚಿತ್ರ ರೋಗದ ಸಂಗತಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಲ್ರೀ, ಆ ಹುಡುಗ್ಯಾರು ಎಲ್ಲಿ ಹೋಗಬೇಕ್ರೀ?"

"ಎಲ್ಲಿಗೆ?"

"ನಿಮ್ಮ ತಲಿ! ಗಂಡುಹುಡುಗರು ಗ್ವಾಡಿ ಹಿಂದ ನಿಂದರ್ತಾರ. ಇವರು? ಅದಕ್ಕ ಸಂಜಿ ಮಟ ಬಾಯಿಗೆ ಹನಿ ನೀರು ಹಾಕೂದಿಲ್ಲ. ಸಾಲಿ ಕಲಿಯೂ ಮುಂದ ನಾನೂ ಹಂಗ ಇದ್ದೆ. ಇದನ್ನೂ ಪುಸ್ತಕದಾಗ ಬರದರ ತಿಳೀತೈತೇನು ನಿಮಗ?"

ನನಗೆ ಭಾರಿ ನಾಚಿಕೆಯಾಯಿತು. ನಾಚಿಕೆಯಾದ ಮನುಷ್ಯ ಸುಮ್ಮನೆ ಕೂಡಬೇಕು. ನಾನು ಕೆಲಸಕ್ಕೆ ಇಳಿದೆ!

ಸಿಮೆಂಟಿಗೆ ಅರ್ಜಿ ಹಾಕೋಣವೆಂದರೆ ಹೆಡ್‌ಮಾಸ್ತರರು, "ಹಾಕ್ರಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕ ಬರತೈತಿ" ಅಂದರು. ಅದಕ್ಕೆ ಜೋಳದ ಒಣದಂಟು, ಅಂದರೆ ಕಣಿಕೆ ತಂದು ಮೈದಾನದ ಮೂಲೆಯಲ್ಲಿ ನಾಲ್ಕೂ ಕಡೆ ಮರೆಯಾಗಿ ತಟ್ಟಿ ಕಟ್ಟಿಸಿದೆ. 'ವಿದ್ಯಾರ್ಥಿನಿಯರ ಆರೋಗ್ಯ ನಿಲಯ' ಎಂದು ಹಲಗೆ ಬರೆದೆ. "ಉದ್ಘಾಟನಾ ಇಲ್ಲದ ಹೆಂಗ್ರೀ?" ಎಂದರು ಹೆಡ್‌ಮಾಸ್ತರರು. ನನಗೂ ಹೌದೆನ್ನಿಸಿತು. ಪಂಚಾಯ್ತಿ ಚೇರ್ಮನ್ನರು ಬಂದರು, ಮೈಕು ಬಂತು, ಹಾರ ಬಂತು. ಚೇರ್ಮನ್ನರು ಕಾಯಿ ಒಡೆದು, "ಇವತ್ತಿನಿಂದ ನಮ್ಮ ಹೆಣ್ಣುಮಕ್ಕಳು ಇಲ್ಲೇ ಬರ್ತಾರ!" ಎಂದು ಊರಿಗೆಲ್ಲ ಕೇಳುವಂತೆ ಸಾರಿದರು. ಗಂಡುಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಯಾವ ಹುಡುಗಿ ಆ ಕಡೆ ಹೆಜ್ಜೆ ಹಾಕುತ್ತಾಳೆ? ಹಾಕಿದವಳು ಶರಣವ್ವ ಒಬ್ಬಳೇ. ನಾನು ಹೇಳಿದ್ದನ್ನು ನಂಬುತ್ತಿದ್ದಳು, ಪಾಪ.

ಕಣಿಕೆ ಎಂದರೆ ದನದ ಮೇವು. ಇದು ಊರಿನ ಕೂಸಿಗೂ ಗೊತ್ತು, ಎಮ್ಮೆಗಂತೂ ಚೆನ್ನಾಗಿಯೇ ಗೊತ್ತು. ಅಂದು ಹುಡುಗರು ಖೋಖೋ ಆಡುತ್ತಿದ್ದರು. ಶರಣವ್ವ ಆಗಷ್ಟೇ ಒಳಗೆ ಹೋಗಿ ನಿಂತಿದ್ದಳು. ಎಲ್ಲಿಂದಲೋ ಬಂದ ಎರಡು ಎಮ್ಮೆಗಳು ನನ್ನ ಆರೋಗ್ಯ ನಿಲಯಕ್ಕೆ ಬಾಯಿ ಹಾಕಿ ಜಗ್ಗಿದವು. ತಟ್ಟಿ ಮಲಗಿತು. ಒಳಗೆ ಶರಣವ್ವ, ಹೊರಗೆ ಎಮ್ಮೆ, ಸುತ್ತ ಇಡೀ ಹೈಸ್ಕೂಲು. ಹುಡುಗರು ಹೋ ಎಂದು ಕೂಗಿದರು. ಅವಳು ಮುಖ ಮುಚ್ಚಿಕೊಂಡು, ಪುಸ್ತಕದ ಚೀಲ ಕ್ಲಾಸಿನಲ್ಲೇ ಬಿಟ್ಟು ಮನೆಗೆ ಓಡಿದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚೀಲ ಹಿಡಿದುಕೊಂಡು ನಾನೇ ಅವಳ ಮನೆಗೆ ಹೋದೆ. ಅಪ್ಪ ಹನುಮಪ್ಪ ಕಂಬಳಿ ಹಾಸಿ ಕೂಡಿಸಿದ, ಚಹಾ ಕೊಡಿಸಿದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಸಾಲಿ ಸಾಕ್ರೀ ಸರ. ಮಂದಿ ಆಡ್ಕೊಳ್ಳಾಕ ಹತ್ತ್ಯಾರ. ಗಂಡು ನೋಡಿ ಕೊಟ್ಟುಬಿಡ್ತೀವಿ."

ಕಲ್ಲಿನ ಗೋಡೆಯನ್ನೇ ಕಟ್ಟಿಸುತ್ತೇನೆ ಎಂದೆ. ಹನುಮಪ್ಪ ಕೈ ಮುಗಿದ. ಬಾಗಿಲ ಹಿಂದಿನಿಂದ ಶರಣವ್ವನ ದನಿ ಬಂತು.

"ಸರ, ನಾ ಸಾಲ್ಯಾಗ ನೀರ ಕುಡಿಯೂದಿಲ್ರೀ. ಅತ್ಲಾಗ ಹೋಗೂದ ಬ್ಯಾಡ. ನಮ್ಮಪ್ಪಗ ಹೇಳ್ರಿ."

ಹನುಮಪ್ಪ ನನ್ನ ಮುಖ ನೋಡಿದ. "ನೀವು ಜವಾಬ್ದಾರಿ ತಗೋತೀರೇನ್ರಿ?"

ಬೇರೆ ದಾರಿ ನನಗೆ ಹೊಳೆಯಲಿಲ್ಲ. "ತಗೋತೀನಿ" ಎಂದೆ.

ಹೀಗೆ ಜಲಪಾನ ಕಡ್ಡಾಯ ಮಾಡಿದ ಮಹಾಶಯನಾದ ನಾನೇ ಒಂದು ಹುಡುಗಿ ನೀರು ಕುಡಿಯದಂತೆ ಕಾವಲು ಕಾಯುವ ನೌಕರಿಗೂ ನೇಮಕಗೊಂಡೆ! ಅವಳು ನೀರಿನ ಕೊಡದ ಹತ್ತಿರ ಸುಳಿದರೆ ನಾನು ಕೆಮ್ಮುತ್ತಿದ್ದೆ. ಅವಳು ತುಟಿ ಸವರಿಕೊಂಡು ಬೆಂಚಿಗೆ ಮರಳುತ್ತಿದ್ದಳು. ಕಲ್ಲಿನ ಗೋಡೆಗೆಂದು ಕೊನೆಗೂ ಹಾಕಿದ ಸಿಮೆಂಟಿನ ಅರ್ಜಿಗೆ ಉತ್ತರ ಬರಲಿಲ್ಲ. ಬೇಸಿಗೆ ಬಂತು.

ಪರೀಕ್ಷೆಗೆ ವಾರ ಇರುವಾಗ ಅವಳಿಗೆ ಚಳಿಜ್ವರ, ಬೆನ್ನುನೋವು, ಉರಿಮೂತ್ರ. ಎತ್ತಿನ ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರೆಂದು ಕೇಳಿ ನಾನೂ ಸೈಕಲ್ ತುಳಿದೆ. ನರ್ಸ್‌ಬಾಯಿ ಸೂಜಿ ಹಾಕಿ ಕೈ ತೊಳೆಯುತ್ತಿದ್ದರು.

"ಪರೀಕ್ಷಾ ಗಿರೀಕ್ಷಾ ಈ ವರ್ಷ ಮರೀರಿ. ಹಾಸಿಗಿ ಬಿಟ್ಟು ಏಳಬಾರದು. ಈ ಬಿಸಲಾಗ ನೀರು ಕುಡೀಬ್ಯಾಡ ಅಂತ ಯಾವ ಶಾಣ್ಯಾ ಹೇಳ್ಯಾನ ಈಕಿಗೆ?"

ನಾನು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದೆ. ಹನುಮಪ್ಪ ನನ್ನ ಕೈ ಹಿಡಿದು ಮುಂದಕ್ಕೆ ತಂದ. ಅವನ ದನಿಯಲ್ಲಿ ಬರೀ ಅಭಿಮಾನ.

"ಹಂಗ ಅನಬ್ಯಾಡ್ರಿ ಬಾಯಾರ. ಇವರು ಸೈನ್ಸ್ ಮಾಸ್ತರು. ಕೊಟ್ಟ ಮಾತು ತಪ್ಪಿಲ್ಲ. ತಿಂಗಳಾನಗಟ್ಲೆ ಸಾಲ್ಯಾಗ ಒಂದು ಹನಿ ಕುಡೀದಂಗ ನೋಡ್ಕೊಂಡಾರ!"