‘ಮೀಸೆ’ಯ ನಲವತ್ತೊಂದನೇ ಸಂಚಿಕೆ

ಈ ವರ್ಷ ಮುಗಿಯುವುದರೊಳಗೆ ‘ಮೀಸೆ’ ಮಾಸಪತ್ರಿಕೆಯ ಎಂಬತ್ತನಾಲ್ಕೂ ಸಂಚಿಕೆಗಳನ್ನು ಒಂದೂ ಬಿಡದೆ ಕೂಡಿಹಾಕದಿದ್ದರೆ ನನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆ! ಊಟದ ಮೇಜಿನ ಮುಂದೆ ಎದ್ದು ನಿಂತು ನಾನು ಹೀಗೆ ಘೋಷಿಸಿದಾಗ ನನ್ನವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬದಲಾಯಿಸೋದಾದ್ರೆ ಮೊದಲು ಆ ಬನಿಯನ್ ಬದಲಾಯಿಸಿ," ಎಂದಳು.

‘ಮೀಸೆ’ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅದು ಗಂಡಸರು ಗಂಡಸರಿಗಾಗಿ ನಡೆಸುತ್ತಿದ್ದ ಪತ್ರಿಕೆ. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಏಳು ವರ್ಷ ಮೆರೆದು ನಿಂತುಹೋಯಿತು. ಪ್ರತಿ ಮುಖಪುಟದಲ್ಲೂ ಹುರಿಮೀಸೆಯ ಮಹಾಶಯನೊಬ್ಬ ಯಾವುದಾದರೊಂದರ ಮೇಲೆ ಕಾಲಿಟ್ಟು ನಿಂತಿರುತ್ತಿದ್ದ. ಮೋಟಾರ್ ಸೈಕಲ್, ಬಂಡೆಗಲ್ಲು, ಒಮ್ಮೆ ಬೇರೇನೂ ಸಿಗದೆ ಸೋಫಾ. ಒಳಗೆ ಟೈ ಕಟ್ಟುವ ಬಗೆ, ಡಂಬೆಲ್ ಎತ್ತುವ ಬಗೆ, ಜೊತೆಗೆ ‘ಮನೆಯಲ್ಲಿ ಸೋಲದಿರುವುದು ಹೇಗೆ’ ಎಂಬ ಲೇಖನಮಾಲೆ. ಶ್ರೀಮತಿಯವರ ಅಪ್ಪಣೆಯ ಮೇರೆಗೆ ಪತ್ರಿಕೆಯನ್ನು ನಿಲ್ಲಿಸುತ್ತಿದ್ದೇನೆ ಎಂದು ಸಂಪಾದಕರು ಕೊನೆಯ ಸಂಚಿಕೆಯಲ್ಲಿ ಬರೆದಿದ್ದರು.

ನಾನು ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದ ಮುಖ್ಯಸ್ಥ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಕಡತವೂ ಕಳೆದಿಲ್ಲ. ಕಳೆದುಹೋಗಲಿ ಎಂದು ಮೇಲಧಿಕಾರಿಗಳೇ ಆಸೆಪಟ್ಟ ಕಡತಗಳೂ ಕಳೆದಿಲ್ಲ! ಹೀಗಿರುವಾಗ ಯಃಕಶ್ಚಿತ್ ಎಂಬತ್ತನಾಲ್ಕು ಸಂಚಿಕೆಗಳನ್ನು ಜೋಡಿಸುವುದು ನನಗೆ ಯಾವ ಲೆಕ್ಕ? ಹನ್ನೊಂದು ತಿಂಗಳಲ್ಲಿ ಎಂಬತ್ತಮೂರು ಸಿಕ್ಕವು. ನಲವತ್ತೊಂದು ಮಾತ್ರ ಉಳಿಯಿತು.

ಅಷ್ಟರಲ್ಲಿ ನಮ್ಮ ಗ್ರಂಥಾಲಯದವರು ಹಳೆಯ ಪತ್ರಿಕೆಗಳ ಪ್ರದರ್ಶನ ಇಟ್ಟುಕೊಂಡರು. ಗ್ರಂಥಪಾಲಕಿ ಷರತ್ತನ್ನು ಖಡಾಖಂಡಿತವಾಗಿ ಹೇಳಿದ್ದರು. ಪೂರ್ತಿ ಸೆಟ್ ಇದ್ದರೆ ಗಾಜಿನ ಪೆಟ್ಟಿಗೆ, ಕೆಳಗೆ ಸಂಗ್ರಾಹಕರ ಹೆಸರು. ಒಂದು ಕಡಿಮೆಯಾದರೂ ನಮಸ್ಕಾರ. ಮುಂದಿನ ಭಾನುವಾರ ಹನ್ನೊಂದಕ್ಕೆ ಅವರೇ ಮನೆಗೆ ಬಂದು ಎಣಿಸುತ್ತಾರಂತೆ. ನನ್ನ ಹೆಸರು ಈವರೆಗೆ ಅಚ್ಚಾಗಿರುವುದು ಮದುವೆಯ ಕರೆಯೋಲೆಯಲ್ಲಿ ಮತ್ತು ವಿದ್ಯುತ್ ಬಿಲ್ಲಿನಲ್ಲಿ. ಬಿಲ್ಲಿನಲ್ಲಿ ಅದೂ ತಪ್ಪಾಗಿ. ಗಾಜಿನ ಹಿಂದೆ ನನ್ನ ಹೆಸರು ಕೂರಬೇಕೆಂಬ ಆಸೆ ನನಗೆ ನಿಜಕ್ಕೂ ಹತ್ತಿಬಿಟ್ಟಿತ್ತು.

ಸೋಮವಾರ ಹಳೆ ಪೇಪರ್ ಅಂಗಡಿಯಲ್ಲಿ ನಲವತ್ತೊಂದು ಸಿಕ್ಕಿಯೇಬಿಟ್ಟಿತು! ಮುಖಪುಟ ಸರಿಯಿದೆಯೇ, ಪಿನ್ನು ತುಕ್ಕು ಹಿಡಿದಿದೆಯೇ, ಪುಟ ಅರವತ್ತನಾಲ್ಕಿವೆಯೇ ಎಂದು ನೋಡಿ, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ನಮೂದಿಸಿ, ಬೀರುವಿನಲ್ಲಿ ನಲವತ್ತರ ಪಕ್ಕ ಇಟ್ಟೆ. ಓದಿದಿರಾ ಎಂದು ಕೇಳಬೇಡಿ. ಓದುವುದು ಓದುಗರ ಕೆಲಸ, ಸಂಗ್ರಾಹಕರದ್ದಲ್ಲ.

ಮಂಗಳವಾರ ಕಚೇರಿಯಿಂದ ಬಂದು ನೋಡುತ್ತೇನೆ, ನಲವತ್ತರ ಪಕ್ಕ ನಲವತ್ತೆರಡು ಕುಳಿತಿದೆ.

"ಏನೇ, ನಲವತ್ತೊಂದು ಎಲ್ಲಿ?"

"ಯಾರ ವಯಸ್ಸು?" ನನ್ನವಳು ಶಾಲೆಯಲ್ಲಿ ಲೆಕ್ಕದ ಟೀಚರ್. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಳು.

"ಸಂಚಿಕೆ ಕಣೇ! ನಿನ್ನೆ ನಾನೇ ಇಟ್ಟಿದ್ದು."

"ನಿನ್ನೆ ಕನ್ನಡಕ ಫ್ರಿಜ್ಜಲ್ಲಿ ಇಟ್ಟಿದ್ದೂ ನೀವೇ."

ಸೋಫಾದ ಮೂಲೆಯಲ್ಲಿದ್ದ ಮಾವ ಲೊಚಗುಟ್ಟಿದರು. ಮಾವ ನಿವೃತ್ತ ಬಡಗಿ. ಅವರೂ ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ನಡುಮನೆಯಲ್ಲಿ ಗೋಡೆಯಂತೆ ನಿಂತು, ಆ ಕಡೆ ಅವರಿಗೊಂದು ಕೋಣೆ ಮಾಡಿಕೊಟ್ಟಿರುವ ಈ ಬೀರುವೂ ಅವರ ಕೈಕೆಲಸವೇ.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ವಯಸ್ಸಾಗ್ತಾ ಮರೆವು ಸಹಜ," ಎಂದು ತಮ್ಮ ನೆನಪಿನ ಗುಳಿಗೆಯ ಡಬ್ಬಿಯನ್ನೇ ನನ್ನ ಕೈಗಿಟ್ಟರು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಎರಡು ನುಂಗಿದೆ.

ನುಂಗಿದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ, ನನ್ನದೇ ಸಹಿ. ಸಂಚಿಕೆ ಮಾತ್ರ ಇಲ್ಲ. ಸಂಚಿಕೆ ತಂದಿದ್ದು ನಿಜವೋ, ತಂದೆನೆಂದು ಬರೆದುಕೊಂಡಿದ್ದು ಮಾತ್ರ ನಿಜವೋ? ಇಪ್ಪತ್ತೆರಡು ವರ್ಷ ಕಚೇರಿಯಲ್ಲೂ ಹೀಗೇ ಬರೆದುಕೊಂಡು ಕುಳಿತಿದ್ದೇನೆಯೋ ಏನೋ ಎಂದು ಬೆವರು ಕಿತ್ತುಬಂತು.

ಇನ್ನೊಂದು ಪ್ರತಿ ನಮ್ಮ ಬೀದಿಯ ಸಲೂನಿನ ಬೆಂಚಿನ ಮೇಲೆ ಬಿದ್ದಿದೆ ಎಂದು ಬುಧವಾರ ಪತ್ತೆಯಾಯಿತು. ಸಲೂನಿನವನನ್ನು ಎಲ್ಲರೂ ಕತ್ತರಿ ಮಾಸ್ತರ್ ಎನ್ನುತ್ತಾರೆ.

"ಮಾರೋಕಲ್ಲ ಸಾರ್, ಕಾಯೋರು ಓದೋಕೆ ಇಟ್ಟಿದೀನಿ," ಎಂದ. "ಹೋದ ತಿಂಗಳು ಮಫ್ಲರ್ ಸುತ್ಕೊಂಡು ಒಬ್ರು ಹಿರಿಯರು ಬಂದು ಇದನ್ನೇ ಕೇಳಿದ್ರು. ಅವರಿಗೂ ಕೊಡಲಿಲ್ಲ."

ಅಂದರೆ ನನಗೊಬ್ಬ ಪ್ರತಿಸ್ಪರ್ಧಿ! "ಏನು ಮಾಡಿದ್ರೆ ಕೊಡ್ತೀರಿ ಹೇಳಿ ಮಾಸ್ತರ್."

"ಹೊಸ ಮಷೀನ್ ತಂದಿದೀನಿ. ಯಾರೂ ತಲೆ ಕೊಡ್ತಿಲ್ಲ. ನೀವು ಕೊಟ್ರೆ ಪುಸ್ತಕ ನಿಮ್ದು. ಆ ಹಿರಿಯರು ಮಷೀನ್ ಅಂದ ತಕ್ಷಣ ಎದ್ದು ಹೋದ್ರು."

ನಾನು ಕೊಟ್ಟೆ. ಮಷೀನು ತಲೆಯನ್ನು ಮುಗಿಸಿ, ಅಲ್ಲಿಗೇ ನಿಲ್ಲದೆ ಕೆಳಗಿಳಿದು, ಮೀಸೆಯ ಎಡಭಾಗವನ್ನೂ ಎತ್ತಿಕೊಂಡು ಹೋಯಿತು. ಸಮತೋಲನಕ್ಕಾಗಿ ಬಲಭಾಗವನ್ನೂ ತೆಗೆಯಬೇಕಾಯಿತು. ‘ಮೀಸೆ’ಗಾಗಿ ಮೀಸೆಯನ್ನೇ ತೆತ್ತು ಮನೆಗೆ ಬಂದರೆ, ಬಾಗಿಲು ತೆಗೆದ ಅತ್ತೆ "ಯಾರು ಬೇಕಾಗಿತ್ತು?" ಎಂದರು.

ಈ ಸಲ ನಾನು ಯಾರನ್ನೂ ನಂಬಲಿಲ್ಲ, ನನ್ನನ್ನಂತೂ ಮೊದಲೇ ಇಲ್ಲ. ಬೀರುವಿಗೆ ಬೀಗ ಜಡಿದು, ಕೀಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಗುರುವಾರ ಕಚೇರಿಗೆ ಹೊರಡುವ ಮುನ್ನ ಬೀರುವಿನ ಮುಂದೆ ಮುಖದ ಪೌಡರನ್ನು ತೆಳ್ಳಗೆ ಉದುರಿಸಿದೆ. ಕಳ್ಳ ಎಷ್ಟೇ ಚಾಲಾಕಿಯಾಗಿರಲಿ, ಕಾಲಂತೂ ಊರಲೇಬೇಕಲ್ಲ!

ಸಂಜೆ ಬಂದು ನೋಡಿದಾಗ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಪೌಡರಿನಲ್ಲಿ ಹೆಜ್ಜೆ ಒಂದೂ ಇರಲಿಲ್ಲ. ಉದ್ದಕ್ಕೆ ಜಾರಿದ ಒಂದು ಗೀರು ಮಾತ್ರ ಇತ್ತು. ಗೀರು ಮುಗಿದಲ್ಲಿ ಕುರ್ಚಿ, ಕುರ್ಚಿಯಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಅತ್ತೆ, ಅವರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ನನ್ನವಳು.

"ಅಮ್ಮ ನಿಮ್ಮ ಬೀರುವಿನ ಧೂಳು ಒರೆಸೋಕೆ ಹೋಗಿದ್ರು. ಪೌಡರ್ ಚೆಲ್ಲಿದ್ದು ಯಾರು?"

"ಕಳ್ಳನಿಗೆ ಅಂತ..."

"ಉಳುಕಿದೆ. ಎರಡು ವಾರ ಕಾಲು ಊರೋ ಹಾಗಿಲ್ಲ ಅಂದಿದಾರೆ ಡಾಕ್ಟ್ರು."

ತಪ್ಪಾಯಿತು ಎಂದೆ. ನಿಜವಾಗಿ ಅಳು ಬರುವಷ್ಟು ನಾಚಿಕೆಯಾಗಿತ್ತು. ಅಂಥ ಹೊತ್ತಿನಲ್ಲೂ ನನ್ನ ಪಾಪಿ ಕೈ ಕೀಲಿ ತೆಗೆದು ಬೀರು ತೆರೆಯಿತು. ನಲವತ್ತರ ಪಕ್ಕ ನಲವತ್ತೆರಡು! ಬೀಗ ಮುರಿಯದೆ, ನೆಲಕ್ಕೆ ಕಾಲೂರದೆ ಬರುವ ಕಳ್ಳನನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಮಾವ ಇನ್ನೆರಡು ಗುಳಿಗೆ ಕೊಟ್ಟರು.

ಭಾನುವಾರ ಬಂತು. ಹತ್ತು ಗಂಟೆಗೆ ನಾನು ಗ್ರಂಥಪಾಲಕಿಗೆ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದೆ. ಅತ್ತೆಯನ್ನು ಕಿಟಕಿಯ ಪಕ್ಕದ ಮಾವನ ಮಂಚದ ಮೇಲೆ ಆಗ ತಾನೇ ಮಲಗಿಸಿದ್ದರು.

"ಬೆನ್ನಿಗೆ ಏನೋ ಒತ್ತುತ್ತಾ ಇದೆ ಕಣಮ್ಮ," ಎಂದರು ಅತ್ತೆ.

ನನ್ನವಳು ಹಾಸಿಗೆಯ ಅಂಚು ಎತ್ತಿದಳು. ಕೆಳಗೆ ಒಂದರ ಮೇಲೊಂದು ಎರಡು ‘ಮೀಸೆ’. ಎರಡೂ ನಲವತ್ತೊಂದು.

ಎಲ್ಲರೂ ನನ್ನ ಕಡೆ ನೋಡಿದರು. "ರೀ, ಇಂಥ ಪುಸ್ತಕ ತಂದು ಅಪ್ಪನ ಹಾಸಿಗೆ ಕೆಳಗೆ ಬಚ್ಚಿಡ್ತೀರಾ?" ಎಂದಳು ನನ್ನವಳು. ನಾನೇ ಇಟ್ಟಿರಬಹುದೇ? ಗುಳಿಗೆಯ ಮೇಲೆ ಗುಳಿಗೆ ನುಂಗಿದ ತಲೆ ಯಾವುದಕ್ಕೂ ಹೌದೆನ್ನುವ ಸ್ಥಿತಿಯಲ್ಲಿತ್ತು. ಆಗ ಕಂಡಿದ್ದು ಮಾವನ ಮುಖ. ಅದು ಬ್ಯಾಂಡೇಜಿಗಿಂತ ಬೆಳ್ಳಗಾಗಿತ್ತು.

ಅತ್ತೆ ಆಗಲೇ ಕನ್ನಡಕ ಏರಿಸಿ, ಮಡಿಸಿಟ್ಟಿದ್ದ ಪುಟವನ್ನು ತೆರೆದಿದ್ದರು. ಅದರಲ್ಲೊಂದು ಫೋಟೋ. ಹುರಿಮೀಸೆಯ ತರುಣನೊಬ್ಬ ಸೊಂಟಕ್ಕೆ ಏಪ್ರನ್ ಕಟ್ಟಿ, ಪೊರಕೆಯನ್ನು ಬಂದೂಕಿನಂತೆ ಹಿಡಿದು ನಿಂತಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ: ‘ಮಾದರಿ ಗಂಡ ಸ್ಪರ್ಧೆ. ಪ್ರಥಮ ಬಹುಮಾನ, ಹೊಲಿಗೆ ಯಂತ್ರ.’ ಅದರ ಕೆಳಗೆ ಮಾವನ ಹೆಸರು!

ಅತ್ತೆ ನಿಧಾನವಾಗಿ ಓದಿದರು. "‘ನಾನು ಬೆಳಿಗ್ಗೆ ಐದಕ್ಕೆ ಎದ್ದು ಮನೆ ಗುಡಿಸುತ್ತೇನೆ. ಹೆಂಡತಿ ಏಳುವ ಮೊದಲೇ ಕಾಫಿ ಮಾಡಿಡುತ್ತೇನೆ. ಪಾತ್ರೆ ತೊಳೆದು, ಬಟ್ಟೆ ಒಗೆದು, ಮಗುವಿಗೆ ತಲೆ ಬಾಚಿ ಶಾಲೆಗೆ ಕಳಿಸುತ್ತೇನೆ...’" ಕನ್ನಡಕದ ಮೇಲಿನಿಂದ ಮಾವನನ್ನು ನೋಡಿದರು. "ಇದು ಯಾವ ಹೆಂಡತಿ ವಿಷಯ?"

ಮಾವ ಪುಸ್ತಕಕ್ಕೆ ಕೈ ಚಾಚಿದರು. ಅತ್ತೆ ಕೊಡಲಿಲ್ಲ.

"ಮಷೀನ್ ಬೋನಸ್ ದುಡ್ಡಲ್ಲಿ ತಂದೆ ಅಂದಿದ್ರಲ್ಲ?"

"ನಿನಗೆ ಹೊಲಿಗೆ ಮಷೀನ್ ಬೇಕೂಂತ ಆಸೆ ಇತ್ತು ಕಣೇ. ನನ್ನ ಕೈಲಿ ತರೋಕೆ ಆಗ್ತಿರಲಿಲ್ಲ. ದಿನಾ ನೀನು ಮಾಡೋದನ್ನೇ ನೋಡ್ಕೊಂಡು ಬರೆದೆ. ಹೆಸರು ಮಾತ್ರ ನಂದು ಹಾಕ್ದೆ," ಎಂದರು ಮಾವ. "ನಿನ್ನ ಕಣ್ಣಿಗೆ ಬೀಳಬಾರದು ಅಂತ ಸಿಕ್ಕ ಪ್ರತಿ ಎಲ್ಲಾ ಮರೆ ಮಾಡ್ತಾ ಬಂದೆ. ಅಳಿಯಂದಿರು ನೋಡಿದ್ರೆ ಮನೆಗೇ ತಂದು ಜೋಡಿಸ್ತಾ ಇದಾರೆ!"

"ಬೀಗ ಹಾಕಿತ್ತಲ್ಲ ಮಾವ?" ನನ್ನ ಸಂಕಟ ನನಗೆ.

"ಬೀರು ಮಾಡಿದ್ದು ನಾನಲ್ವೇ. ಹಿಂದಿನ ಹಲಗೆ ನಮ್ಮ ಕೋಣೆ ಕಡೆಯಿಂದ ಸರಿಯತ್ತೆ."

"ಮತ್ತೆ ಹರಿದು ಬಿಸಾಕಬಾರದಿತ್ತಾ ಅಪ್ಪ?" ಎಂದಳು ನನ್ನವಳು.

"ಫೋಟೋ ಚೆನ್ನಾಗಿ ಬಂದಿದೆಯಮ್ಮ. ಮನಸ್ಸು ಬರಲಿಲ್ಲ."

ಅತ್ತೆ ಇನ್ನೊಂದು ಸಲ ಓದಿಕೊಂಡರು. ಕಣ್ಣು ಒದ್ದೆಯಾಗಿದ್ದನ್ನು ಸೆರಗಿನಿಂದ ಒರೆಸಿಕೊಂಡರು.

"ಸರಿಯಾಗಿ ಬರೆದಿದೀರಿ. ನಾನು ಮಾಡ್ತಿದ್ದ ಒಂದು ಕೆಲಸಾನೂ ಬಿಟ್ಟಿಲ್ಲ," ಎಂದರು ಅತ್ತೆ. "ಹಾಗಾದ್ರೆ ಎಲ್ಲಾ ನಿಮಗೆ ಗೊತ್ತಿದೆ ಅಂತಾಯ್ತು. ನನಗಂತೂ ಕಾಲಿಲ್ಲ. ಏಳಿ, ಪೊರಕೆ ಬಾಗಿಲ ಹಿಂದಿದೆ."

ನಾನು ಕಿಸಕ್ಕೆಂದು ನಕ್ಕೆ. ನಗಬಾರದಿತ್ತು.

"ಎರಡು ಪ್ರತಿ ಇವೆ, ಮನೇಲಿ ಇಬ್ಬರು ಗಂಡಸರು. ಲೆಕ್ಕ ಸರಿಹೋಯ್ತು," ಎಂದಳು ಲೆಕ್ಕದ ಟೀಚರ್. "ಒಂದು ಅಪ್ಪನಿಗೆ. ಇನ್ನೊಂದು ಒಲೆ ಮೇಲಿನ ಗೋಡೆಗೆ ಅಂಟಿಸ್ತೀನಿ, ನೀವು ನೋಡ್ಕೊಂಡು ಮಾಡೋಕೆ."

"ಅಯ್ಯೋ, ಅದಕ್ಕೆ ಅಂಟು ಹಚ್ಚಬಾರದು ಕಣೇ! ಹನ್ನೊಂದಕ್ಕೆ ಅವರು ಬರ್ತಾರೆ, ಗಾಜಿನ ಪೆಟ್ಟಿಗೆ..."

"ಪೌಡರ್ ಚೆಲ್ಲಿದ್ದು ಯಾರು?"

ಈ ಪ್ರಶ್ನೆಗೆ ‘ಮೀಸೆ’ಯ ಎಂಬತ್ತನಾಲ್ಕೂ ಸಂಚಿಕೆಗಳಲ್ಲಿ ಉತ್ತರವಿಲ್ಲ. ‘ಮನೆಯಲ್ಲಿ ಸೋಲದಿರುವುದು ಹೇಗೆ’ ಮಾಲೆಯನ್ನು ಆಮೇಲೆ ಪೂರ್ತಿ ಹುಡುಕಿದ್ದೇನೆ.

ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ಮಾವ ಕಾಫಿಗೆ ನೀರಿಟ್ಟು, ಎಷ್ಟು ನೀರಿಡಬೇಕೆಂದು ಸ್ವಂತ ಪ್ರಬಂಧವನ್ನೇ ಓದುತ್ತಿದ್ದರು. ಬಾಗಿಲು ತೆಗೆದವನು ನಾನು. ತಲೆ ಬೋಳು, ಮೀಸೆ ಇಲ್ಲ, ಸೊಂಟಕ್ಕೆ ಹೆಂಡತಿಯ ಏಪ್ರನ್, ಕೈಯಲ್ಲಿ ಪೊರಕೆ. ಗ್ರಂಥಪಾಲಕಿ ಒಂದು ಹೆಜ್ಜೆ ಹಿಂದೆ ಸರಿದು ಮನೆಯ ನಂಬರು ನೋಡಿಕೊಂಡರು. ಒಳಗೆ ಬಂದು ಬೀರುವಿನಲ್ಲಿದ್ದ ಸಂಚಿಕೆಗಳನ್ನು ಎಣಿಸಿದರು, ಎಂಬತ್ತಮೂರು. ನಾನು ಬಾಯಿಪಾಠ ಮಾಡಿದ್ದ ಸುಳ್ಳು ಮರೆತೇಹೋಗಿತ್ತು. ನನ್ನವಳು ಅತ್ತೆಯನ್ನು ಕುರ್ಚಿಸಮೇತ ಅಡುಗೆಮನೆಗೆ ಸಾಗಿಸಿ, ಗ್ರಂಥಪಾಲಕಿಯನ್ನೂ ಅಲ್ಲಿಗೇ ಕರೆದೊಯ್ದಳು. ಅರ್ಧ ಗಂಟೆ ಒಳಗಿನಿಂದ ಮೂರು ಹೆಂಗಸರ ನಗು ಕೇಳಿಬಂತು. ಮಾವ, ನಾನು ನಡುಮನೆ ಗುಡಿಸಿದೆವು. ಹೋಗುವಾಗ ಗ್ರಂಥಪಾಲಕಿ ‘ನೋಡೋಣ’ ಎಂದಷ್ಟೇ ಹೇಳಿ ಎಂಬತ್ತಮೂರನ್ನೂ ಕಟ್ಟಿಸಿಕೊಂಡು ಹೋದರು.

ಪ್ರದರ್ಶನದ ದಿನ ಹೆದರುತ್ತಲೇ ಹೋದೆ. ಆಶ್ಚರ್ಯ! ಗಾಜಿನ ಪೆಟ್ಟಿಗೆಯಲ್ಲಿ ನನ್ನ ಎಂಬತ್ತಮೂರು ಸಂಚಿಕೆಗಳು ಸಾಲಾಗಿ ಕುಳಿತಿದ್ದವು. ಕೆಳಗೆ ನನ್ನ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಆದರೆ ಜನ ಮುಗಿಬಿದ್ದಿದ್ದು ಸಾಲಿನ ನಡುವೆ ಬಿಟ್ಟಿದ್ದ ಖಾಲಿ ಜಾಗದ ಮುಂದೆ. ಅದರಲ್ಲೂ ಹೆಂಗಸರು ಗಂಡಂದಿರನ್ನು ಕೈಹಿಡಿದು ಎಳೆತಂದು ತೋರಿಸುತ್ತಿದ್ದರು. ಹೇಗೋ ನುಸುಳಿಕೊಂಡು ಮುಂದೆ ಹೋಗಿ ನೋಡಿದೆ. ಪುಸ್ತಕ ಎರವಲು ಹೋದಾಗ ಇಡುವ ಚೀಟಿಯೊಂದನ್ನು ಗ್ರಂಥಪಾಲಕಿ ಅಲ್ಲಿ ನಿಲ್ಲಿಸಿದ್ದರು.

‘ಸಂಚಿಕೆ 41: ಸಂಗ್ರಾಹಕರ ಅಡುಗೆಮನೆಯಲ್ಲಿ ಬಳಕೆಯಲ್ಲಿದೆ. ಮರಳಿಸುವ ದಿನಾಂಕ:’

ಅದರ ಮುಂದೆ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ, ನನಗೆ ಚೆನ್ನಾಗಿ ಪರಿಚಯವಿರುವ ಕೈಬರಹದಲ್ಲಿ ಒಂದೇ ಪದವಿತ್ತು: ‘ಇಲ್ಲ.’