ಓಬಳಮ್ಮನಿಗೆ ಬೆಳ್ಳಿ ಲೋಟ

ಓದಿ ಹೇಳುವವರಿಗೆ ಒಂದು ಅನುಕೂಲವಿದೆ: ತಾವು ಓದಿದ್ದನ್ನು ತಾವು ಕೇಳಿಸಿಕೊಳ್ಳಬೇಕಾಗಿಲ್ಲ. ಮಧುಗಿರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡವಳು. ಮನುಷ್ಯರೆಲ್ಲ ಒಂದೇ ಎನ್ನುವ ವಚನಗಳನ್ನು ನಾನು ಓದಿದರೆ ಹಿಂದಿನ ಬೆಂಚಿನವರೂ ಗಲಾಟೆ ನಿಲ್ಲಿಸುತ್ತಿದ್ದರು. ನನ್ನ ಕಂಠ ಹಾಗಿತ್ತು. ಈಗಲೂ ಇದೆ, ನಮ್ಮ ಯಜಮಾನರನ್ನು ಮಾತ್ರ ಕೇಳಬೇಡಿ, ಅವರಿಗೆ ಅದು ಬೇರೆ ಕಾರಣಗಳಿಗಾಗಿ ಪರಿಚಯ. ಪಾಠ ಮುಗಿಸಿ ಮನೆಗೆ ಬಂದು, ಹಿತ್ತಿಲ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ಲೋಟಕ್ಕೆ ಮೇಲಿನಿಂದ ಟೀ ಸುರಿಯುತ್ತಿದ್ದೆ. ಅದು ನಮ್ಮ ಬೀದಿ ಗುಡಿಸುವ ಓಬಳಮ್ಮನ ಲೋಟ. ಅವಳು ಕುಡಿದು, ತಾನೇ ತೊಳೆದು, ಅಲ್ಲೇ ಇಟ್ಟು ಹೋಗುತ್ತಿದ್ದಳು. ವಚನಕ್ಕೂ ಲೋಟಕ್ಕೂ ಏನಾದರೂ ಸಂಬಂಧವಿದೆಯೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ನಿವೃತ್ತಿಯಾದ ಮೇಲೆ ಕಂಠಕ್ಕೆ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಪಕ್ಕದ ಬೀದಿಯ ಗ್ರೇಸಮ್ಮ ಬಂದರು. ಕೊರಟಗೆರೆ ಕಡೆ ನರ್ಸಾಗಿದ್ದವರು, ಕಣ್ಣಿಗೆ ಪೊರೆ ಬಂದಿತ್ತು. "ಟೀಚರ್, ಸುವಾರ್ತೆ ಓದಕ್ಕಾಗ್ತಿಲ್ಲ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಓದಿಕೊಡ್ತೀರಾ? ಪ್ರಾರ್ಥನೆ ಗೀರ್ಥನೆ ಏನಿಲ್ಲ. ಓದೋದು, ಮಾತಾಡೋದು, ಅಷ್ಟೆ" ಎಂದರು. ಯಜಮಾನರು ಪೇಪರಿನ ಹಿಂದಿನಿಂದಲೇ, "ಲಿಂಗಪೂಜೆ ಮುಗಿಸ್ಕೊಂಡು ಹೋಗು" ಎಂದರು. ಅದು ಅವರ ಭಾಷೆಯಲ್ಲಿ ಒಪ್ಪಿಗೆ. ಹೋಗಿ ನೋಡಿದರೆ ಗ್ರೇಸಮ್ಮನ ನಡುಮನೆಯಲ್ಲಿ, ನನಗೆ ಹಾಕಿದಂಥದ್ದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಓಬಳಮ್ಮ ಕೂತಿದ್ದಾಳೆ! ನನ್ನನ್ನು ಕಂಡವಳೇ ದಡಕ್ಕನೆ ಎದ್ದಳು. ಗ್ರೇಸಮ್ಮ ಅವಳ ಭುಜ ಒತ್ತಿ ಕೂರಿಸಿದರು. ನಾನು ಫ್ಯಾನಿನ ಗಾಳಿಯ ನೆಪ ಹೇಳಿ ನನ್ನ ಕುರ್ಚಿಯನ್ನು ಒಂದಡಿ ಆಚೆ ಸರಿಸಿಕೊಂಡೆ.

ಗ್ರೇಸಮ್ಮನ ಓದಿನ ಕ್ರಮವೇ ಬೇರೆ. ನಾನಾದರೆ ಸಾರಾಂಶ, ನೀತಿ, ಬಿಟ್ಟ ಸ್ಥಳ ತುಂಬಿರಿ ಎಂದು ಹೊರಡುವವಳು. ಅವರದು ಯಾವ ಕಥೆಗೂ ಒಂದೇ ಪ್ರಶ್ನೆ: "ಇಲ್ಲಿ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ?" ಒಂದು ಭಾನುವಾರ ಯೇಸು ದೊಡ್ಡ ಮನುಷ್ಯನೊಬ್ಬನ ಮನೆಗೆ ಊಟಕ್ಕೆ ಹೋದ ಕಥೆ ಬಂತು. ಬಂದವರೆಲ್ಲ ಮುಂದಿನ ಜಾಗಕ್ಕೆ ನುಗ್ಗುವುದನ್ನು ನೋಡಿ ಆತ, ಕೊನೆಯಲ್ಲಿ ಹೋಗಿ ಕೂತುಕೊಳ್ಳಿ ಎನ್ನುತ್ತಾನೆ. ನಾನು ಏರಿಳಿತ ಕೊಟ್ಟು ಓದಿ, ವಿನಯದ ಮಹಿಮೆಯ ಮೇಲೆ ಹತ್ತು ನಿಮಿಷ ಮಾತಾಡಿದೆ. ಓಬಳಮ್ಮನಿಗೆ ಓದು ಬರದು, ಆದರೆ ಕೇಳಿದ್ದರಲ್ಲಿ ಒಂದಕ್ಷರ ಬಿಡುವುದಿಲ್ಲ. ಪಾವಗಡದ ನಾಗಲಮಡಿಕೆ ಕಡೆಯವಳು, ಬಾಯಿ ತೆರೆದರೆ ತೆಲುಗೂ ಜೊತೆಗೆ ಬರುತ್ತದೆ.

"ಅದಿ ಕಾದು, ಅದಲ್ಲ ಟೀಚರಮ್ಮ," ಎಂದಳು. "ಹಿಂದ್ಕೋಗಿ ಕುಂತ್ಕಳ್ರಿ ಅಂತ ಯೋಳಿರೋದು ಮುಂದ್ಗಡೆ ಕೂರೋರ್ಗಲ್ವಾ? ನಾವು ಮೊದ್ಲಿಂದ್ಲೂ ಅಲ್ಲೇ ಇದೀವಿ. ನಾವೆಲ್ಲಿ ಕುಂತ್ಕಳಾನ?"

ನನ್ನ ಹತ್ತು ನಿಮಿಷ ನೀರಿನಲ್ಲಿ ಹೋಮವಾಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. "ಅಷ್ಟು ಜನ ಉಂಡೆದ್ರಲ್ಲ, ಎಂಜಲು ಎತ್ತಿದ್ದು ಯಾರಂತೆ? ಅದ್ನ ಬರ್ದಿಲ್ವಾ?" ನಾನು ಕನ್ನಡಕ ಸರಿಮಾಡಿಕೊಂಡು ಹಿಂದೆ ಎರಡು ಪುಟ, ಮುಂದೆ ಎರಡು ಪುಟ ಹುಡುಕಿದೆ. ಬರೆದಿರಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಮನೆಗೆ ಹೋಗುವಾಗ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಭಾನುವಾರ ಯಾವಾಗ ಬರುತ್ತದೋ ಎಂದು ಕಾಯತೊಡಗಿದ್ದು ಅವತ್ತಿನಿಂದ.

ಅಷ್ಟರಲ್ಲಿ ಒಂದು ಭಾನುವಾರ ಗ್ರೇಸಮ್ಮ ಬಾಂಬು ಹಾಕಿದರು. "ಮುಂದಿನ ವಾರ ಟೀಚರ್ ಮನೇಲಿ ಓದೋಣ." ಓಬಳಮ್ಮ ತಲೆ ತಗ್ಗಿಸಿ, "ನೀವಿಬ್ರೇ ಓದ್ಕಳ್ರಮ್ಮ, ನಂಗೆ ಕೆಲ್ಸ ಐತೆ" ಎಂದಳು. ಭಾನುವಾರ ಮಧ್ಯಾಹ್ನ ಅವಳಿಗೆ ಕೆಲಸವಿಲ್ಲವೆಂದು ಮೂವರಿಗೂ ಗೊತ್ತು. ಗ್ರೇಸಮ್ಮ ನನ್ನ ಮುಖ ನೋಡಿದರು. ಅವಳು ಬರದಿದ್ದರೆ ನಮ್ಮ ಓದು ಅಲ್ಲಿಗೆ ಮುಗಿಯಿತು. ಬರಬೇಕಾದರೆ ಇಷ್ಟು ವರ್ಷ ದಾಟದ ನಮ್ಮ ಹೊಸ್ತಿಲನ್ನು ದಾಟಿ ಬರಬೇಕು. ನನಗೆ ನಿಜವಾಗಿ ನಾಚಿಕೆಯಾಯಿತು. "ಓಬಳಮ್ಮ, ಮುಂಬಾಗಿಲಿಂದ ಬಾ. ಬರಲೇಬೇಕು" ಎಂದೆ.

ಮನೆಗೆ ಬಂದವಳೇ ಕಿಟಕಿಯ ಲೋಟವನ್ನು ಹಳೇ ಸಾಮಾನಿನವನ ಗಾಡಿಗೆ ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಾನು ನಿಲ್ಲಿಸುವ ಪೈಕಿಯಲ್ಲ. ಇಷ್ಟು ವರ್ಷದ ತಪ್ಪಿಗೆ ತಕ್ಕ ಪ್ರಾಯಶ್ಚಿತ್ತ ಬೇಡವೇ? ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಮಾತ್ರ ಬೀರುವಿನಿಂದ ಹೊರಬರುವ ಬೆಳ್ಳಿ ಲೋಟವನ್ನು ತೆಗೆದು, ವಿಭೂತಿ ಹಾಕಿ ಫಳಫಳ ಉಜ್ಜಿದೆ. "ಯಾವ ಸ್ವಾಮಿಗಳು ಬರ್ತಿದಾರೆ?" ಎಂದರು ಯಜಮಾನರು. "ಓಬಳಮ್ಮ" ಎಂದೆ. ಪೇಪರು ಮಡಿಲಿಗೆ ಇಳಿಯಿತು. ನಮ್ಮ ಮನೆಯಲ್ಲಿ ಅದು ಇಳಿಯುವುದು ವರ್ಷಕ್ಕೆ ಒಂದೋ ಎರಡೋ ಸಲ.

ಭಾನುವಾರ ಓಬಳಮ್ಮ ಆಗಷ್ಟೇ ಮಡಿಕೆ ಬಿಚ್ಚಿದ ಸೀರೆ ಉಟ್ಟು ಗ್ರೇಸಮ್ಮನ ಹಿಂದೆಯೇ ಬಂದಳು. ಹೊಸ್ತಿಲ ಹತ್ತಿರ ನಿಂತಳು. ಯಜಮಾನರು, ನಾನು ನೋಡುತ್ತಿದ್ದಂತೆಯೇ, ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿ ಅವಳ ಮುಂದೆ ಇಟ್ಟು, "ಕೂತ್ಕೊಳಮ್ಮ" ಎಂದರು. ನಾನು ಒಳಗೆ ಹೋಗಿ ಟೀ ತಂದೆ. ತಟ್ಟೆಯಲ್ಲಿ ಮೂರು ಸ್ಟೀಲ್ ಲೋಟ, ನಡುವೆ ಬೆಳ್ಳಿಯದು. ಅದನ್ನು ಅವಳ ಕಡೆ ತಿರುಗಿಸಿ ಹಿಡಿದು, ಯಾರಾದರೂ ಮೆಚ್ಚಿಕೊಳ್ಳಲಿ ಎಂದು ಕಾಯುತ್ತ ನಿಂತೆ.

ಓಬಳಮ್ಮ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. "ಅಲ್ಲ ಕಣಮ್ಮ, ಒಳಿಕ್ಕೆ ಕರ್ದ್ರೂ ನಂಗೆ ಬ್ಯಾರೆ ಲೋಟಾನೇನಾ?"

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳೇ ನಕ್ಕು, ಒಂದು ಸ್ಟೀಲ್ ಲೋಟ ತೆಗೆದುಕೊಂಡು, ಬೆಳ್ಳಿಯದನ್ನು ನನ್ನ ಕೈಗಿಟ್ಟಳು. "ಇದ್ರಾಗೆ ನೀವು ಕುಡೀರಿ. ಎಂಗಿರ್ತೈತೆ ನೋಡಾನ." ಬೆಳ್ಳಿ ಬಲು ಬೇಗ ಕಾಯುತ್ತದೆ. ಬೆರಳು ಸುಟ್ಟಿತು, ತುಟಿ ಸುಟ್ಟಿತು. ಎಲ್ಲರೂ ನನ್ನ ಲೋಟವನ್ನೇ ನೋಡುತ್ತಿರುವ ಹಾಗೆ ಅನ್ನಿಸಿ, ನನ್ನದೇ ಮನೆಯಲ್ಲಿ ನಾನು ಹೊರಗಿನವಳಾದೆ. ನನಗೆ ಅದು ಐದು ನಿಮಿಷ. ಅವಳು ಹಾಗೆ ಎಷ್ಟು ವರ್ಷ ಕುಡಿದಳೋ! ಓದು ಮುಗಿಸಿ ಹೊರಡುವಾಗ ಅವಳು, "ಬರೋ ವಾರ ನಮ್ಮನೇಲಿ" ಎಂದಳು. ಕೇಳಲಿಲ್ಲ, ಹೇಳಿದಳು.

ಹೋದೆ. ಅವಳ ಸೊಸೆ ಟೀ ತಂದಳು. ಎಲ್ಲ ಲೋಟವೂ ಒಂದೇ ಥರ. ಬಾಯಿಗಿಟ್ಟರೆ ಟೀ ಅಲ್ಲ, ಪಾಯಸ. ನನಗೆ ಸಕ್ಕರೆ ಕಾಯಿಲೆ ಇರುವುದು ದೇವರಾಣೆಗೂ ನಿಜ. ಆದರೆ ನಮ್ಮಂಥವರು ಇಂಥ ಮನೆಗಳ ಬಾಗಿಲಲ್ಲಿ ನಿಂತು ಹೇಳಿಕೊಂಡು ಬಂದ ಸುಳ್ಳೂ ಅದೇ: "ಬೇಡಮ್ಮ, ನಂಗೆ ಶುಗರ್ರು." ಈಗ ನಿಜ ಹೇಳಿದರೆ ಯಾರು ನಂಬುತ್ತಾರೆ? ಓಬಳಮ್ಮ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದಳು. ಗಟಗಟ ಕುಡಿದು ಲೋಟ ಕೆಳಗಿಟ್ಟೆ. ಅವಳ ಮುಖ ಅರಳಿತು. "ಟೀಚರಮ್ಮಂಗೆ ಇಷ್ಟ ಆತು ಕಣೇ, ಇನ್ನೊಂದ್ಲೋಟ ತಾ!" ಎಂದು ಸೊಸೆಯನ್ನು ಕೂಗಿದಳು. ನನ್ನ ಶುಗರಿನ ಲೆಕ್ಕ ಬಲ್ಲ ಗ್ರೇಸಮ್ಮ, ಸುವಾರ್ತೆಯನ್ನು ಮುಖಕ್ಕೆ ಅಡ್ಡ ಹಿಡಿದು ಭುಜ ಕುಣಿಸಿ ನಗುತ್ತಿದ್ದರು. ಅದನ್ನೂ ಕುಡಿದೆ.